ರೂಟರ್‌ನಿಂದ ಅಡಿಕೆ ಕಣದವರೆಗೆ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಮನೆಯ ಕೆಲಸವೆಲ್ಲ ಹಿತ್ತಲಿಗೆ ಸರಿಯುತ್ತದೆ. ಸುಲಿಯುವ ಯಂತ್ರ ಒಂದು ಕಡೆ, ಬೇಯಿಸುವ ಹಂಡೆ ಇನ್ನೊಂದು ಕಡೆ, ಅದರಾಚೆ ಅಡಿಕೆ ಹರವಿದ ಕಣ, ಕಣದ ಅಂಚಿಗೆ ತಗಡಿನ ಗೋದಾಮು. ರಾಶಿ ಅಡಿಕೆಯ ಧಾರಣೆ ಇವತ್ತು ಎಷ್ಟಕ್ಕೆ ನಿಂತಿತು ಎಂದು ನೋಡಲು ಕಣದಲ್ಲಿ ನಿಂತು ಮೊಬೈಲ್ ತೆಗೆದರೆ ತೆರೆಯ ಮೇಲೆ ಉಂಗುರ ಸುತ್ತುತ್ತಲೇ ಇರುತ್ತದೆ. ತಿಂಗಳು ತಿಂಗಳು ದುಡ್ಡು ಕಟ್ಟಿ ಹಾಕಿಸಿಕೊಂಡ ಫೈಬರ್ ನೆಟ್ ಇರುವುದು ಮುಂದಿನ ಹಾಲ್‌ನಲ್ಲಿ, ಟಿ.ವಿ. ಪಕ್ಕದ ಗೋಡೆಗೆ ತೂಗುಹಾಕಿದ ಬಿಳಿ ಡಬ್ಬಿಯಲ್ಲಿ. ಹಾಲ್ ದಾಟಿ ನಡುಮನೆಗೆ ಬರುವಷ್ಟರಲ್ಲಿ ಅದು ಸೊರಗುತ್ತದೆ, ಅಡುಗೆಮನೆಯಲ್ಲಿ ಉಸಿರು ಬಿಡುತ್ತದೆ.

ಕೇಬಲ್‌ನವರಿಗೆ ಫೋನ್ ಹೋಗುತ್ತದೆ. "ನಮ್ಮ ಕಡೆಯಿಂದ ಫುಲ್ ಬರ್ತಾ ಇದೆ ಗೌಡ್ರೇ, ಬೇಕಿದ್ರೆ ದೊಡ್ಡ ಪ್ಲ್ಯಾನ್ ಹಾಕಿಸ್ಕೊಳ್ಳಿ" ಎಂಬ ಉತ್ತರ ಬರುತ್ತದೆ. ಆ ಮಾತಿನ ಮೊದಲರ್ಧ ಬಹುಪಾಲು ನಿಜವೇ. ಎರಡನೆಯದನ್ನು ಒಪ್ಪಿಕೊಂಡರೆ ತಿಂಗಳ ಬಿಲ್ ಏರುತ್ತದೆ, ಕಣದಲ್ಲಿ ಉಂಗುರ ಸುತ್ತುವುದು ನಿಲ್ಲುವುದಿಲ್ಲ. ಊರಿನವರೆಗೆ, ಮನೆಯ ಗೋಡೆಯವರೆಗೆ ಬಂದ ನೆಟ್ ಮನೆಯೊಳಗೆ ಮುಂದಕ್ಕೆ ಹೋಗಿಲ್ಲ ಎಂಬುದೇ ಇಲ್ಲಿನ ತೊಡಕು. ಅದಕ್ಕೆ ಬೇಕಾದದ್ದು ಒಂದಷ್ಟು ಮೀಟರ್ ತಂತಿ ಮತ್ತು ಅಂಗೈಯಗಲದ ಒಂದು ಪೆಟ್ಟಿಗೆ. ಕಂಪ್ಯೂಟರ್ ಅಂಗಡಿಯಲ್ಲಿ "ಫೈವ್ ಪೋರ್ಟ್ ನೆಟ್‌ವರ್ಕ್ ಸ್ವಿಚ್" ಎಂದು ಕೇಳಿದರೆ ಕೊಡುತ್ತಾರೆ.

ನೆಟ್ ಊರಿಗೆ ಬಂದ ದಾರಿ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದೇ ಭಾರತ್‌ನೆಟ್ ಎನಿಸಿಕೊಂಡಿತು. ಆಮೇಲೆ ಬಿಎಸ್‌ಎನ್‌ಎಲ್ ಸ್ಥಳೀಯ ಕೇಬಲ್ ಆಪರೇಟರ್‌ಗಳನ್ನು ಜೊತೆಗೆ ಸೇರಿಸಿಕೊಂಡು ಮನೆಮನೆಗೆ ಫೈಬರ್ ಕೊಡತೊಡಗಿತು. ಖಾಸಗಿ ಕಂಪನಿಗಳೂ ಹಿಂದೆ ಬೀಳಲಿಲ್ಲ. ಸರ್ಕಾರಿ ಸೇವೆಗಳನ್ನು ಹಳ್ಳಿಯ ಬಾಗಿಲಿಗೆ ತರುವ 'ಗ್ರಾಮ ಒನ್' ಮೊದಲು ಪ್ರಯೋಗಕ್ಕೆ ಬಂದದ್ದು ಇದೇ ದಾವಣಗೆರೆ ಜಿಲ್ಲೆಯಲ್ಲಿ. 2022ರ ಜನವರಿ 26ರಂದು ಅದು 12 ಜಿಲ್ಲೆಗಳಿಗೆ ವಿಸ್ತಾರವಾಯಿತು. ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿ ಕಂಪ್ಯೂಟರ್ ಕಂಡವು. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದ ಮಕ್ಕಳು ಹೊನ್ನಾಳಿಯ ಭತ್ತದ ಗದ್ದೆ ಸೀಮೆಯಲ್ಲೂ ಜಗಳೂರಿನ ಬಯಲಿನಲ್ಲೂ ಮನೆಗೆ ನೆಟ್ ಬೇಕೇ ಬೇಕು ಎಂಬಂತೆ ಮಾಡಿದರು.

ಮನೆಗೆ ಬರುವ ಫೈಬರ್ ಕೂದಲೆಳೆಯ ಗಾಜು. ಊರಿನ ಒಂದೇ ಎಳೆಯನ್ನು ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಕವಲೊಡೆಸಿ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಮನೆಯ ಬಿಳಿ ಡಬ್ಬಿ, ಅಂದರೆ ರೂಟರ್, ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ, ವೈಫೈ ಹರಡುತ್ತದೆ. ಡಬ್ಬಿಯ ಹಿಂಬದಿ ತಿರುಗಿಸಿ ನೋಡಿದರೆ ಲ್ಯಾನ್ ಎಂದು ಬರೆದ ಚೌಕಾಕಾರದ ತೂತುಗಳಿರುತ್ತವೆ. ಕೆಲವದರಲ್ಲಿ ನಾಲ್ಕು, ಅಗ್ಗದವುಗಳಲ್ಲಿ ಒಂದು ಅಥವಾ ಎರಡು. ಹೆಚ್ಚಿನ ಮನೆಗಳಲ್ಲಿ ಅವಕ್ಕೆ ಇನ್ನೂ ಯಾರೂ ತಂತಿ ಚುಚ್ಚಿಲ್ಲ.

ವೈಫೈಗೆ ಗೋಡೆಯೇ ಎದುರಾಳಿ

ಈ ಭಾಗದ ಹಳೆಯ ಮನೆಗಳಿಗೆ ಒಂದೂವರೆ ಅಡಿ, ಎರಡಡಿ ದಪ್ಪದ ಮಣ್ಣಿನ ಗೋಡೆ. ಹೊಸ ಮನೆಗಳಿಗೆ ಕಬ್ಬಿಣ ಕಟ್ಟಿ ಹಾಕಿದ ಆರ್‌ಸಿಸಿ. ಗೋದಾಮಿಗೆ ನಾಲ್ಕೂ ಸುತ್ತ ತಗಡು. ವೈಫೈ ರೇಡಿಯೊ ಅಲೆ. ಮಣ್ಣಿನ ತೇವ ಅದನ್ನು ಹೀರುತ್ತದೆ, ತಗಡು ಹಿಂದಕ್ಕೆ ತಳ್ಳುತ್ತದೆ. 2.4 ಗಿಗಾಹರ್ಟ್ಸ್ ಅಲೆ ಒಂದೆರಡು ಗೋಡೆ ದಾಟೀತು, ವೇಗ ಕಡಿಮೆ. 5 ಗಿಗಾಹರ್ಟ್ಸ್‌ನದ್ದು ವೇಗ ಜಾಸ್ತಿ, ಗೋಡೆ ಕಂಡರೆ ಬಳಲುತ್ತದೆ. ಇದರ ಮೇಲೆ ಇನ್ನೊಂದು ಕಷ್ಟ: ಒಂದೇ ಚಾನೆಲ್‌ನಲ್ಲಿರುವ ಉಪಕರಣಗಳು ಸರದಿಯಂತೆ ಮಾತಾಡಬೇಕು. ದೂರದಲ್ಲಿ ನಿಂತು ಮೆಲ್ಲಗೆ ಮಾತಾಡುವ ಒಂದು ಮೊಬೈಲ್ ಹತ್ತಿರದಲ್ಲೇ ಇರುವ ಟಿ.ವಿ.ಯ ಸಮಯವನ್ನೂ ತಿನ್ನುತ್ತದೆ.

ಅಂಗಡಿಯಲ್ಲಿ ಸಿಗುವ ರಿಪೀಟರ್ ತಂದು ನಡುಮನೆಯ ಪ್ಲಗ್‌ಗೆ ಸಿಕ್ಕಿಸುವವರಿದ್ದಾರೆ. ಕಡ್ಡಿಗಳ ಗುರುತು ಪೂರ್ತಿ ತೋರಿಸುತ್ತದೆ, ವೇಗ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ. ಅಗ್ಗದ ರಿಪೀಟರ್‌ಗಳು ಒಂದೇ ಚಾನೆಲ್‌ನಲ್ಲಿ ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಬೇಕಾದ್ದರಿಂದ ಹೀಗಾಗುತ್ತದೆ. ತಂತಿಗೆ ಈ ಗೋಳಿಲ್ಲ. ಗೋಡೆಗೊಂದು ತೂತು ಕೊರೆದರೆ ಆಯಿತು, ರೂಟರ್ ಹತ್ತಿರ ಇದ್ದ ವೇಗವೇ ಹಿತ್ತಲಲ್ಲೂ ಇರುತ್ತದೆ.

ಪೆಟ್ಟಿಗೆಯೊಳಗೆ ನಡೆಯುವುದೇನು

ಸ್ವಿಚ್ ಜೋಡಿಸುವುದಕ್ಕೆ ಇಂಜಿನಿಯರ್ ಬೇಕಿಲ್ಲ. ರೂಟರ್‌ನ ಒಂದು ಲ್ಯಾನ್ ತೂತಿನಿಂದ ಸ್ವಿಚ್‌ನ ಯಾವುದಾದರೂ ಒಂದು ತೂತಿಗೆ ಒಂದು ಕೇಬಲ್. ಉಳಿದ ನಾಲ್ಕು ತೂತುಗಳಿಂದ ಟಿ.ವಿ., ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್ ಹೀಗೆ ಒಂದೊಂದಕ್ಕೆ ಒಂದೊಂದು. ಸ್ವಿಚ್‌ನ ಅಡಾಪ್ಟರ್ ಪ್ಲಗ್‌ಗೆ. ಪಾಸ್‌ವರ್ಡ್ ಕೇಳುವುದಿಲ್ಲ, ಆ್ಯಪ್ ಇಳಿಸಿಕೊಳ್ಳಿ ಎನ್ನುವುದಿಲ್ಲ. ಒಂದೊಂದು ಕೇಬಲ್ ಸಿಕ್ಕಿಸಿದಾಗಲೂ ಆ ತೂತಿನ ಪಕ್ಕದ ಸಣ್ಣ ದೀಪ ಹತ್ತುತ್ತದೆ, ಮಾಹಿತಿ ಓಡಾಡಿದಂತೆ ಮಿನುಗುತ್ತದೆ. ವಿಳಾಸ ಹಂಚುವ ಕೆಲಸ ಮೊದಲಿನಂತೆ ರೂಟರ್‌ನದೇ.

ಸೂಳೆಕೆರೆಯ ಕೆಳಗಿನ ರೈತರಿಗೆ ಈ ಪೆಟ್ಟಿಗೆಯ ಕೆಲಸ ತಿಳಿಯುವುದು ಸುಲಭ. ಶಾಂತಿಸಾಗರ ಎಂದೂ ಕರೆಯುವ, ಸುಮಾರು 6,500 ಎಕರೆ ಹರಡಿಕೊಂಡಿರುವ ಈ ಕೆರೆ ಹರಿದ್ರಾ ನದಿಗೆ ಅಡ್ಡವಾಗಿ ಗುಡ್ಡಗಳ ನಡುವೆ ಏರಿ ಕಟ್ಟಿ ಮಾಡಿದ್ದು. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿಂದ ನಾಲೆಗಿಳಿದ ನೀರನ್ನು ಗದ್ದೆಗೆ ತಿರುಗಿಸಲು ಕೆರೆಯ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಯಾವ ಮಡೆ ಎಂದು ಅವನಿಗೆ ಗೊತ್ತು. ಹೊಸದಾಗಿ ಬಂದ ನೀರುಗಂಟಿಗೆ ಗೊತ್ತಿರದಿದ್ದರೆ ಯಾರು ಯಾವ ಬದುವಿನಿಂದ ಬಂದು ಕೂಗಿದರು ಎಂಬುದನ್ನು ನೋಡಿಕೊಂಡು ನೆನಪಿಟ್ಟುಕೊಳ್ಳುತ್ತಾನೆ. ಸ್ವಿಚ್ ಮಾಡುವುದೂ ಅದನ್ನೇ.

ನೆಟ್‌ಗೆ ಸೇರುವ ಪ್ರತಿ ಉಪಕರಣಕ್ಕೂ ಕಾರ್ಖಾನೆಯಲ್ಲೇ ಒಂದು ಗುರುತಿನ ಸಂಖ್ಯೆ ಬಿದ್ದಿರುತ್ತದೆ. ಅದು ಮ್ಯಾಕ್ ವಿಳಾಸ: ಅಂಕಿ, ಅಕ್ಷರ ಸೇರಿ ಹನ್ನೆರಡು ಚಿಹ್ನೆ, ಒಟ್ಟು 48 ಬಿಟ್. ಅಂದರೆ ಸುಮಾರು 281 ಲಕ್ಷ ಕೋಟಿ ವಿಳಾಸಗಳಿಗೆ ಅವಕಾಶ. ಲ್ಯಾಪ್‌ಟಾಪ್ ಎರಡನೇ ತೂತಿನಲ್ಲಿ, ಪ್ರಿಂಟರ್ ನಾಲ್ಕನೆಯದರಲ್ಲಿ ಇದೆ ಎನ್ನಿ. ಈಗಷ್ಟೇ ಕರೆಂಟ್ ಬಂದು ಸ್ವಿಚ್ ಎದ್ದಿದೆ, ಅದರ ಪಟ್ಟಿ ಖಾಲಿ. ಲ್ಯಾಪ್‌ಟಾಪ್ ಪ್ರಿಂಟರ್‌ಗೆ ಒಂದು ಕಟ್ಟು ಮಾಹಿತಿ ಕಳಿಸುತ್ತದೆ. ಕಟ್ಟಿನ ಮೇಲೆ ಕಳಿಸಿದವರ ವಿಳಾಸವೂ ತಲುಪಬೇಕಾದವರ ವಿಳಾಸವೂ ಇರುತ್ತವೆ. "ಈ ಲ್ಯಾಪ್‌ಟಾಪ್ ಇರುವುದು ಎರಡರಲ್ಲಿ" ಎಂದು ಸ್ವಿಚ್ ಬರೆದುಕೊಳ್ಳುತ್ತದೆ. ಪ್ರಿಂಟರ್ ಎಲ್ಲಿದೆಯೋ ಗೊತ್ತಿಲ್ಲದ ಕಾರಣ ಕಟ್ಟಿನ ಪ್ರತಿಯನ್ನು ಉಳಿದ ಎಲ್ಲ ತೂತುಗಳಿಗೂ ಬಿಡುತ್ತದೆ. ಪ್ರಿಂಟರ್ ಉತ್ತರ ಕೊಡುತ್ತದೆ, "ಇದು ನಾಲ್ಕರಲ್ಲಿ" ಎಂದು ಇನ್ನೊಂದು ಸಾಲು ಬೀಳುತ್ತದೆ. ಅಲ್ಲಿಂದ ಮುಂದೆ ಎರಡಕ್ಕೂ ನಾಲ್ಕಕ್ಕೂ ನೇರ ಮಾತು, ಟಿ.ವಿ.ಗೆ ಅದರ ಸುಳಿವೂ ಸಿಗುವುದಿಲ್ಲ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ. ಯಾವುದಾದರೂ ಉಪಕರಣ ಸುಮಾರು ಐದು ನಿಮಿಷ ಸುಮ್ಮನಿದ್ದರೆ ಅದರ ಸಾಲನ್ನು ಅಳಿಸಿಹಾಕುವುದು ಈ ಪೆಟ್ಟಿಗೆಗಳ ರೂಢಿ. ಹೀಗಾಗಿ ಪ್ರಿಂಟರ್ ಅನ್ನು ಕಿತ್ತು ಬೇರೆ ತೂತಿಗೆ ಹಾಕಿದರೂ ಮತ್ತೆ ಹೊಸದಾಗಿ ಕಲಿಯುತ್ತದೆ.

ಮೊದಲು ಹೀಗಿರಲಿಲ್ಲ. ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯಲ್ಲಿ ಈಥರ್‌ನೆಟ್‌ನ ಕಲ್ಪನೆ ಇತ್ತು. ಡೇವಿಡ್ ಬಾಗ್ಸ್ ಜೊತೆ ಸೇರಿ ಅವರು ಅದನ್ನು ಕಟ್ಟಿ ನಿಲ್ಲಿಸಿದರು. ವೇಗ 2.94 ಎಂಬಿಪಿಎಸ್. ಒಂದೇ ದಪ್ಪ ತಂತಿಗೆ ಎಲ್ಲ ಕಂಪ್ಯೂಟರ್‌ಗಳೂ ತಗುಲಿಕೊಂಡಿರುತ್ತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದರೆ ಮಾತು ಡಿಕ್ಕಿ ಹೊಡೆಯುತ್ತಿತ್ತು. ಇಬ್ಬರೂ ಸುಮ್ಮನಾಗಿ, ತುಸು ಹೊತ್ತು ಕಾದು, ಮತ್ತೆ ಶುರುಮಾಡಬೇಕಿತ್ತು. ಆಮೇಲೆ ಬಂದ ಹಬ್ ಎಂಬ ಪೆಟ್ಟಿಗೆ ನೋಡಲು ಇಂದಿನ ಸ್ವಿಚ್‌ನಂತೆಯೇ ಇದ್ದರೂ ಒಂದು ತೂತಿನಲ್ಲಿ ಬಂದದ್ದನ್ನು ಎಲ್ಲ ತೂತಿಗೂ ಸುರಿಯುತ್ತಿತ್ತು. ಈಗಲೂ ಕೆಲವು ಅಂಗಡಿಗಳಲ್ಲಿ ಸ್ವಿಚ್‌ಗೆ ಹಬ್ ಎನ್ನುವುದುಂಟು. ಗುಜರಿಯಲ್ಲಿ ನಿಜವಾದ ಹಳೆಯ ಹಬ್ ಸಿಕ್ಕಿದರೆ ಅಲ್ಲೇ ಬಿಟ್ಟುಬರುವುದು ಕ್ಷೇಮ.

ಮಾರುಕಟ್ಟೆಗೆ ಬಂದ ಮೊದಲ ಈಥರ್‌ನೆಟ್ ಸ್ವಿಚ್‌ಗೆ ಭಾರತದ ನಂಟಿದೆ. ವಿನೋದ್ ಭಾರದ್ವಾಜ್ ಎಂಬ ಭಾರತೀಯ ಮೂಲದ ಉದ್ಯಮಿ ಲ್ಯಾರಿ ಬ್ಲೇರ್ ಜೊತೆ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿಯ ಹೆಸರು 'ಕಲ್ಪನಾ'. ಅದು ಭಾರದ್ವಾಜ್ ಅವರ ಹೆಂಡತಿಯ ಹೆಸರು. ಆ ಕಂಪನಿಯ ಈಥರ್‌ಸ್ವಿಚ್ 1990ರಲ್ಲಿ ಬಂತು, ಅದಕ್ಕೆ ಏಳು ತೂತುಗಳು. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು. ದೊಡ್ಡ ಕಚೇರಿಗಳು ಮಾತ್ರ ಕೊಳ್ಳಬಹುದಾಗಿದ್ದ ಆ ಯಂತ್ರಕ್ಕಿಂತ ನೂರು ಪಟ್ಟು ವೇಗದ ಐದು ತೂತಿನ ಗಿಗಾಬಿಟ್ ಸ್ವಿಚ್ ಇಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ.

ನೆಟ್ ಹಂಚಿಹೋಗುತ್ತದೆಯೇ?

"ಐದು ಕಡೆ ಕೊಟ್ಟರೆ ನೆಟ್ ಐದು ಪಾಲಾಗಿ ಹೋಗುವುದಿಲ್ಲವೇ?" ಸ್ವಿಚ್ ಎಂದ ಕೂಡಲೇ ಬರುವ ಪ್ರಶ್ನೆ ಇದು. ಸ್ವಿಚ್‌ನ ಪ್ರತಿ ತೂತಿಗೂ ಪೂರ್ತಿ ವೇಗ ಇರುತ್ತದೆ, ಅದೂ ಹೋಗುವ ದಾರಿ, ಬರುವ ದಾರಿ ಬೇರೆ ಬೇರೆಯಾಗಿ. ಹಂಚಿಕೆಯಾಗುವುದು ಹೊರಗಿನಿಂದ ಬರುವ ಇಂಟರ್‌ನೆಟ್ ಮಾತ್ರ, ಅದೂ ಎಲ್ಲರೂ ಒಟ್ಟಿಗೆ ಬಳಸುತ್ತಿರುವ ಹೊತ್ತಿನಲ್ಲಿ. ವೈಫೈಯಲ್ಲಿ ಐದು ಮೊಬೈಲ್ ಇದ್ದರೂ ಅದೇ ಹಂಚಿಕೆ ಇದ್ದದ್ದೇ.

ಒಂದು ಲೆಕ್ಕ ಹಾಕಬಹುದು. ಮನೆಗೆ 100 ಎಂಬಿಪಿಎಸ್ ಪ್ಲ್ಯಾನ್ ಇದೆ. ಅತ್ಯುತ್ತಮ ಗುಣಮಟ್ಟದ 4ಕೆ ಸಿನಿಮಾ ನೋಡಿದರೂ ಟಿ.ವಿ.ಗೆ 25 ಸಾಕು. ಮಗಳ ಆನ್‌ಲೈನ್ ಕ್ಲಾಸಿಗೆ 3 ಅಥವಾ 4. ಹಿತ್ತಲಿನ ನಾಲ್ಕು ಕ್ಯಾಮೆರಾಗಳು ತಲಾ 4ರಂತೆ 16. ಎಲ್ಲ ಕೂಡಿಸಿದರೂ ಅರ್ಧ ಮುಟ್ಟುವುದಿಲ್ಲ. ಇಲ್ಲೇ ಸ್ವಿಚ್‌ನ ನಿಜವಾದ ಉಪಕಾರ ಕಾಣುವುದು: ಕ್ಯಾಮೆರಾಗಳೂ ರೆಕಾರ್ಡರೂ ಒಂದೇ ಸ್ವಿಚ್‌ಗೆ ಕೂಡಿದ್ದರೆ ಆ 16 ಎಂಬಿಪಿಎಸ್ ರೂಟರ್ ಕಡೆ ತಲೆ ಹಾಕುವುದೇ ಇಲ್ಲ. ಫೈಬರ್ ಕಡಿದು ಮೂರು ದಿನ ನೆಟ್ ಇಲ್ಲದಿದ್ದರೂ ಕ್ಯಾಮೆರಾ ಚಿತ್ರ ದಾಖಲಾಗುತ್ತಲೇ ಇರುತ್ತದೆ, ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಹೊರಡುತ್ತಲೇ ಇರುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಒಂದಿದೆ. ಡಬ್ಬದ ಮೇಲೆ '10/100' ಎಂದಿದ್ದರೆ ಅದರ ಗರಿಷ್ಠ ವೇಗ 100 ಎಂಬಿಪಿಎಸ್. '10/100/1000' ಅಥವಾ 'ಗಿಗಾಬಿಟ್' ಎಂದಿದ್ದರೆ ಹತ್ತು ಪಟ್ಟು. ಬೆಲೆಯ ವ್ಯತ್ಯಾಸ ಕೆಲವೇ ನೂರು ರೂಪಾಯಿ. 300 ಎಂಬಿಪಿಎಸ್ ಪ್ಲ್ಯಾನ್‌ಗೆ ದುಡ್ಡು ಕಟ್ಟುತ್ತ, ಹಳೆಯ 100ರ ಸ್ವಿಚ್ ಇಟ್ಟುಕೊಂಡು ಉಳಿದ 200 ಎಲ್ಲಿ ಹೋಯಿತೆಂದು ಹುಡುಕುವವರಿದ್ದಾರೆ. ಕೆಲವು ರೂಟರ್‌ಗಳ ನಾಲ್ಕು ಲ್ಯಾನ್ ತೂತುಗಳಲ್ಲಿ ಒಂದು ಮಾತ್ರ ಗಿಗಾಬಿಟ್, ಉಳಿದವು 100ರವು. ಸ್ವಿಚ್‌ಗೆ ಹೋಗುವ ಕೇಬಲ್ ಆ ಒಂದಕ್ಕೇ ಬೀಳಬೇಕು.

ಎಂಟು ಎಳೆ, ನಾಲ್ಕು ಜೋಡಿ

ತಂತಿಯಲ್ಲಿ ಮೋಸ ಜಾಸ್ತಿ. ಕ್ಯಾಟ್ 6 ಎಂದು ಮೇಲೆ ಅಚ್ಚು ಹಾಕಿ ಒಳಗೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ನಾಲ್ಕು ಸಲ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಮನೆಯ ಬಳಕೆಗೆ ಅಪ್ಪಟ ತಾಮ್ರದ ಕ್ಯಾಟ್ 5ಇ ಸಾಕು, ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಿಬಿಡುವುದು ಮೇಲು. ಒಂದು ಓಟಕ್ಕೆ 100 ಮೀಟರ್ ಗಡಿ. ಅದಕ್ಕಿಂತ ದೂರ ಹೋಗಬೇಕಿದ್ದರೆ ನಡುವೆ ಇನ್ನೊಂದು ಸ್ವಿಚ್ ಇಡಬೇಕು. ಅಲ್ಲಿಂದ ಮತ್ತೆ 100 ಮೀಟರ್ ಲೆಕ್ಕ ಶುರು.

ತುದಿಗೆ ಪ್ಲಾಸ್ಟಿಕ್ಕಿನ ಕನೆಕ್ಟರ್ ಕಟ್ಟುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹೊರಗಿನ ಸಿಪ್ಪೆಯನ್ನು ಒಂದಂಗುಲ ಸುಲಿದರೆ ಜೋಡಿ ಜೋಡಿಯಾಗಿ ಹುರಿಗೊಂಡ ಎಂಟು ಎಳೆಗಳು ಬರುತ್ತವೆ. ಅವನ್ನು ಬಿಡಿಸಿ, ಬೆರಳಿನಿಂದ ನೇರ ಮಾಡಿ, ಬಣ್ಣದ ಸಾಲಿಗೆ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತುದಿ ಸಮನಾಗಿ ಕತ್ತರಿಸಿ ಕನೆಕ್ಟರ್ ಒಳಗೆ ತಳ್ಳಿ, ಎಂಟೂ ಎಳೆಗಳ ತುದಿ ಮುಂದಿನ ಗೋಡೆಗೆ ತಾಗಿದ್ದು ಕಂಡ ಮೇಲೆ ಇಕ್ಕಳದಲ್ಲಿ ಒತ್ತಬೇಕು. ಇನ್ನೊಂದು ತುದಿಗೂ ಇದೇ ಸಾಲು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕಂದು ಎಳೆಯೊಂದು ಸರಿಯಾಗಿ ಕೂರದಿದ್ದರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಅನೇಕ ಸ್ವಿಚ್‌ಗಳಲ್ಲಿ ಗಿಗಾಬಿಟ್‌ಗೆ ಒಂದು ಬಣ್ಣದ ದೀಪ, 100ಕ್ಕೆ ಇನ್ನೊಂದು ಬಣ್ಣ. ದುಡ್ಡು ಕೊಡುವ ಮುಂಚೆ ಆ ದೀಪ ನೋಡಿದರೆ ಕೆಲಸ ನೆಟ್ಟಗಾಗಿದೆಯೇ ಎಂಬುದು ಗೊತ್ತಾಗುತ್ತದೆ.

ಕ್ಯಾಮೆರಾ, ಕಳ್ಳರು ಮತ್ತು ರೆಕಾರ್ಡರ್

ಅಡಿಕೆ ಸೀಮೆಯಲ್ಲಿ ಕ್ಯಾಮೆರಾ ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ಕಣದಲ್ಲಿ ಒಣಗುತ್ತಿರುವ ನಾಲ್ಕು ಕ್ವಿಂಟಲ್ ರಾಶಿ ಅಡಿಕೆಯ ಬೆಲೆ ಲಕ್ಷಗಳಲ್ಲಿ. ಇಂಥ ಕಡೆ ಪಿ.ಒ.ಇ. ಸ್ವಿಚ್ ಉಪಯೋಗಕ್ಕೆ ಬರುತ್ತದೆ. ಅದು ಮಾಹಿತಿ ಸಾಗಿಸುವ ತಂತಿಯಲ್ಲೇ ಕ್ಯಾಮೆರಾಕ್ಕೆ ಬೇಕಾದ ಕರೆಂಟನ್ನೂ ಕಳಿಸುತ್ತದೆ. 2003ರಲ್ಲಿ ಬಂದ ಇದರ ಮೊದಲ ಮಾನದಂಡದ ಪ್ರಕಾರ ಒಂದೊಂದು ತೂತಿನಿಂದ 15.4 ವ್ಯಾಟ್‌ವರೆಗೆ ಕೊಡಬಹುದು. ಸಾಮಾನ್ಯ ಕ್ಯಾಮೆರಾಕ್ಕೆ ಅದರ ಅರ್ಧ ಸಾಕು. ಕಣದ ಮೂಲೆಯ ಕಂಬಕ್ಕೆ ಬೇರೆ ಪ್ಲಗ್ ಪಾಯಿಂಟ್ ಎಳೆಯುವ ತಾಪತ್ರಯ ತಪ್ಪುತ್ತದೆ. ಎದುರು ತುದಿಯಲ್ಲಿರುವ ಉಪಕರಣ ಕರೆಂಟ್ ಕೇಳುವ ಜಾತಿಯದೇ ಎಂದು ಮೊದಲು ವಿಚಾರಿಸಿಕೊಂಡೇ ಕೊಡುವುದರಿಂದ, ಮಾನದಂಡ ಪಾಲಿಸುವ ಸ್ವಿಚ್‌ಗೆ ತಪ್ಪಿ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಸುಡುವುದಿಲ್ಲ. ಏನೂ ವಿಚಾರಿಸದೆ ಕರೆಂಟ್ ಸುರಿಯುವ ಅಗ್ಗದ ಮಾಲಿನಿಂದ ದೂರವಿರಬೇಕು.

ರೆಕಾರ್ಡರ್ ಎಲ್ಲಿಡಬೇಕು ಎಂಬುದಕ್ಕೆ ನ್ಯಾಮತಿಯ ಉದಾಹರಣೆ ಸಾಕು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದ ತಂಡ 17 ಕೆ.ಜಿ.ಗೂ ಹೆಚ್ಚು ಚಿನ್ನ ದೋಚಿತು. ಹೋಗುವಾಗ ಸಿ.ಸಿ. ಟಿ.ವಿ.ಯ ದಾಖಲೆ ಇದ್ದ ಡಿ.ವಿ.ಆರ್. ಅನ್ನೂ ಹೊತ್ತೊಯ್ದಿತು. ಪೊಲೀಸರು ತಂಡವನ್ನು ಹಿಡಿದದ್ದು 2025ರ ಮಾರ್ಚ್‌ನಲ್ಲಿ. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ. ಕ್ಯಾಮೆರಾ ಎಷ್ಟೇ ಇದ್ದರೂ ಚಿತ್ರ ತುಂಬಿದ ಪೆಟ್ಟಿಗೆ ಕಳ್ಳನ ಕೈಗೆ ಸಿಕ್ಕರೆ ಮುಗಿಯಿತು. ಹಳೆಯ ಡಿ.ವಿ.ಆರ್. ವ್ಯವಸ್ಥೆಯಲ್ಲಿ ಪ್ರತಿ ಕ್ಯಾಮೆರಾದ ತಂತಿಯೂ ರೆಕಾರ್ಡರ್‌ವರೆಗೆ ಬರಬೇಕಾದ್ದರಿಂದ ಅದನ್ನು ಕಣ್ಣಿಗೆ ಬೀಳುವ ಕಡೆಯೇ ಇಡುತ್ತಿದ್ದರು. ಸ್ವಿಚ್ ಇದ್ದರೆ ಕ್ಯಾಮೆರಾಗಳ ತಂತಿಗಳು ಗೋದಾಮಿನ ಸ್ವಿಚ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಒಂದೇ ಒಂದು ತಂತಿ ಮನೆಯೊಳಗೆ ಬರುತ್ತದೆ. ರೆಕಾರ್ಡರ್ ಅಟ್ಟದ ಮೇಲಾದರೂ ಇರಬಹುದು, ಬೀರುವಿನ ಹಿಂದಾದರೂ ಇರಬಹುದು.

ಸಿಡಿಲು, ಕರೆಂಟು, ಸುತ್ತುಬಳಸು

ಮನೆಯಿಂದ ಗೋದಾಮಿಗೆ ಬಯಲಿನಲ್ಲಿ ತಾಮ್ರದ ತಂತಿ ಎಳೆಯುವ ಮುಂಚೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೆನಪಾಗಬೇಕು. ಸಿಡಿಲು ತಂತಿಗೇ ಬಡಿಯಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ಉದ್ದನೆಯ ತಂತಿಯಲ್ಲಿ ವಿದ್ಯುತ್ ಉಕ್ಕಿ ಎರಡೂ ತುದಿಯ ಉಪಕರಣಗಳು ಸುಟ್ಟುಹೋಗುತ್ತವೆ. ಸ್ವಿಚ್ ಸಾವಿರದ್ದು, ಅದರ ಹಿಂದೆ ಕೂತ ಟಿ.ವಿ., ಕಂಪ್ಯೂಟರ್‌ಗಳ ಬೆಲೆ ಬೇರೆ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಯುವುದೇ ಇದಕ್ಕೆ ಮದ್ದು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹೊರಗಿನ ಹೊದಿಕೆಯಲ್ಲಿ ಆಧಾರಕ್ಕಿರುವ ಉಕ್ಕಿನ ತಂತಿಯನ್ನು ಮಾತ್ರ ಕಟ್ಟಡದ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಅದು ಬೆಳಕನ್ನು ತಾಮ್ರಕ್ಕೆ, ತಾಮ್ರವನ್ನು ಬೆಳಕಿಗೆ ಬದಲಿಸುತ್ತದೆ. ಈ ಸಾಮಾನು ಕೇಬಲ್‌ನವರ ಬಳಿ ಇದ್ದೇ ಇರುತ್ತದೆ, ಎಳೆ ಬೆಸೆಯುವ ಯಂತ್ರವೂ ಅವರಲ್ಲೇ ಇರುತ್ತದೆ. 100 ಮೀಟರ್ ಗಡಿಯೂ ಆಗ ಲೆಕ್ಕಕ್ಕಿಲ್ಲ. ತೋಟದ ಮೋಟಾರು ಮನೆ ಅರ್ಧ ಕಿಲೋಮೀಟರ್ ಆಚೆ ಇದ್ದರೂ ತಲುಪುತ್ತದೆ.

ಕರೆಂಟ್ ಹೋದಾಗ ಇನ್ನೊಂದು ಗೊಂದಲ. ರೂಟರ್‌ಗೆಂದು 12 ವೋಲ್ಟ್‌ನ ಸಣ್ಣ ಯುಪಿಎಸ್ ತಂದಿಟ್ಟಿರುತ್ತಾರೆ, ಸ್ವಿಚ್‌ನ ಅಡಾಪ್ಟರ್ ನೇರ ಗೋಡೆಯ ಪ್ಲಗ್‌ನಲ್ಲಿರುತ್ತದೆ. ಮೊಬೈಲ್‌ನಲ್ಲಿ ನೆಟ್ ಬರುತ್ತಿದೆ, ಕಂಪ್ಯೂಟರ್‌ನಲ್ಲಿ ಇಲ್ಲ ಎಂದು ಮನೆಮಂದಿ ತಲೆ ಕೆಡಿಸಿಕೊಳ್ಳುತ್ತಾರೆ. ಸಣ್ಣ ಸ್ವಿಚ್ ತಿನ್ನುವುದು ಮೂರ್ನಾಲ್ಕು ವ್ಯಾಟ್ ಅಷ್ಟೇ. ಅದನ್ನೂ ಬ್ಯಾಟರಿಯ ಕಡೆಗೆ ಸೇರಿಸಿದರೆ ತೊಂದರೆ ತೀರಿತು. ಆದರೆ ಸ್ವಿಚ್‌ಗಳಲ್ಲಿ 5 ವೋಲ್ಟ್‌ನವೂ 9 ವೋಲ್ಟ್‌ನವೂ ಉಂಟು. ಪಿನ್ ಹೊಂದಿತೆಂದು ರೂಟರ್‌ನ 12 ವೋಲ್ಟ್ ಕೊಟ್ಟರೆ ಸ್ವಿಚ್ ಹೊಗೆಯಾಡೀತು. ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿಯೇ ಸಿಕ್ಕಿಸಬೇಕು.

ಗೃಹಪ್ರವೇಶಕ್ಕೋ ಸುಣ್ಣ ಬಳಿಯುವುದಕ್ಕೋ ತಂತಿಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸುವಾಗ ನಡೆಯುವ ಎಡವಟ್ಟು ಬೇರೆಯದು. ಖಾಲಿ ತುದಿಯೊಂದು ಕಾಣುತ್ತದೆ, ಪಾಪ ಎಂದು ಯಾರೋ ಅದನ್ನು ಸ್ವಿಚ್‌ನ ಖಾಲಿ ತೂತಿಗೆ ಸಿಕ್ಕಿಸುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿರುತ್ತದೆ. ಎಲ್ಲರಿಗೂ ಎಂದು ಕಳಿಸಿದ ಒಂದು ಕಟ್ಟು ಆ ಕೇಬಲ್‌ನಲ್ಲಿ ಹೋಗಿ ಮತ್ತೆ ಅದೇ ಸ್ವಿಚ್‌ಗೆ ಬಂದು, ಮತ್ತೆ ಎಲ್ಲರಿಗೂ ಹೋಗಿ, ನಿಲ್ಲದೆ ಸುತ್ತುತ್ತದೆ. ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗುತ್ತವೆ, ಇಡೀ ಮನೆಯ ನೆಟ್ ಸತ್ತುಹೋಗುತ್ತದೆ. ಇಂಥ ಸುತ್ತನ್ನು ತಾನೇ ಗುರುತಿಸಿ ಒಂದು ದಾರಿಯನ್ನು ಮುಚ್ಚುವ ಉಪಾಯವನ್ನು ರೇಡಿಯಾ ಪರ್ಲ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ 1985ರಲ್ಲೇ ರೂಪಿಸಿದರು. ದೊಡ್ಡ ಕಚೇರಿಗಳ ಸ್ವಿಚ್‌ಗಳು ಇಂದಿಗೂ ಅದನ್ನೂ ಅದರಿಂದ ಬೆಳೆದ ವಿಧಾನಗಳನ್ನೂ ಬಳಸುತ್ತವೆ. ಸಾವಿರ ರೂಪಾಯಿಯ ಸ್ವಿಚ್‌ಗೆ ಸಾಮಾನ್ಯವಾಗಿ ಆ ಬುದ್ಧಿ ಇರುವುದಿಲ್ಲ. ಪ್ರತಿ ಕೇಬಲ್‌ನ ಎರಡೂ ತುದಿಗೆ 'ಟಿ.ವಿ.', 'ಗೋದಾಮು' ಎಂದು ಚೀಟಿ ಅಂಟಿಸಿದರೆ ಈ ಪಡಿಪಾಟಲು ಇಲ್ಲ.

ಕಣದಲ್ಲಿ ಮೊಬೈಲ್‌ಗೂ ನೆಟ್ ಬೇಕಲ್ಲ? ಹಿತ್ತಲಿಗೆ ಬಂದ ತಂತಿಯ ತುದಿಗೆ ಇನ್ನೊಂದು ವೈಫೈ ಪೆಟ್ಟಿಗೆ ಇಟ್ಟರಾಯಿತು. ಮೂಲೆಯಲ್ಲಿ ಬಿದ್ದ ಹಳೆಯ ರೂಟರ್ ಕೂಡ ಆದೀತು, ಆದರೆ ಮೂರು ಕೆಲಸ ಮಾಡಿಯೇ ಜೋಡಿಸಬೇಕು. ಅದರ ಸೆಟ್ಟಿಂಗ್‌ನಲ್ಲಿ ಡಿ.ಎಚ್.ಸಿ.ಪಿ. ಆಫ್ ಮಾಡಬೇಕು. ಅದರ ವಿಳಾಸವೂ ಮುಖ್ಯ ರೂಟರ್‌ನದೂ ಒಂದೇ ಆಗಿದ್ದರೆ ಬದಲಿಸಬೇಕು, ಉದಾಹರಣೆಗೆ 192.168.1.1 ಇದ್ದದ್ದನ್ನು 192.168.1.2 ಎಂದು. ತಂತಿಯನ್ನು ವ್ಯಾನ್ ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಬೇಕು. ಮೊದಲನೆಯದನ್ನು ಮರೆತರೆ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ. ಕೆಲವು ಮೊಬೈಲ್‌ಗಳಿಗೆ ನೆಟ್ ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ, ಯಾವುದಕ್ಕೆ ಯಾವಾಗ ಎಂಬುದು ಯಾರಿಗೂ ತಿಳಿಯುವುದಿಲ್ಲ. ಎರಡೂ ಪೆಟ್ಟಿಗೆಗೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಹಾಲ್‌ನಿಂದ ಹಿತ್ತಲಿಗೆ ನಡೆದಂತೆ ಮೊಬೈಲ್ ತಾನೇ ಹತ್ತಿರದ್ದನ್ನು ಹಿಡಿದುಕೊಳ್ಳುತ್ತದೆ.

ಎಷ್ಟು ತೂತಿನದು ಕೊಳ್ಳಬೇಕು ಎಂಬುದು ಕೊನೆಯ ಲೆಕ್ಕ. ಐದರಲ್ಲಿ ಒಂದು ರೂಟರ್‌ಗೆ ಹೋಗುತ್ತದೆ, ಉಳಿಯುವುದು ನಾಲ್ಕು. ಟಿ.ವಿ., ಕಂಪ್ಯೂಟರ್, ರೆಕಾರ್ಡರ್, ಹಿತ್ತಲಿನ ತಂತಿ ಎಂದರೆ ಆಗಲೇ ಭರ್ತಿ. ಮಗನ ಲ್ಯಾಪ್‌ಟಾಪ್ ಬಂದ ದಿನ ಯಾವುದನ್ನಾದರೂ ಕೀಳಬೇಕು. ಎಂಟು ತೂತಿನದಕ್ಕೆ ಇನ್ನೊಂದೈನೂರು, ಆರುನೂರು ಹೆಚ್ಚು ಬೀಳಬಹುದು. ಸಣ್ಣ ಸ್ವಿಚ್‌ಗಳಲ್ಲಿ ಫ್ಯಾನ್ ಇರುವುದಿಲ್ಲ, ತಿರುಗುವ ಭಾಗವೇ ಇಲ್ಲ. ಅಡಿಕೆ ಸುಲಿಯುವ ಧೂಳು, ಬೇಯಿಸುವ ಹಬೆ ಎರಡರಿಂದಲೂ ದೂರ, ಗಾಳಿಯಾಡುವ ಗೂಡಿನಲ್ಲಿಟ್ಟರೆ ವರ್ಷಗಟ್ಟಲೆ ಓಡುತ್ತದೆ. ಮುಂದೆ ಕಂಪನಿ ಬದಲಾಯಿಸಿದರೆ ಬಾಡಿಗೆಗೋ ಠೇವಣಿಗೋ ಕೊಟ್ಟ ಬಿಳಿ ಡಬ್ಬಿಯನ್ನು ಹಳೆಯ ಕಂಪನಿಯವರು ಬಿಚ್ಚಿಕೊಂಡು ಹೋಗುತ್ತಾರೆ. ಸ್ವಿಚ್, ಅದರಿಂದ ಹೊರಟ ತಂತಿಗಳು, ಗೋದಾಮಿನ ಕ್ಯಾಮೆರಾಗಳು ಇದ್ದಲ್ಲೇ ಇರುತ್ತವೆ. ಹೊಸ ಡಬ್ಬಿಯಿಂದ ಒಂದು ಕೇಬಲ್ ಸಿಕ್ಕಿಸಿ ಸ್ವಿಚ್‌ನ ದೀಪ ಹತ್ತಿತೇ ನೋಡಿಕೊಂಡರೆ ಹೊಸ ನೆಟ್ ಹಿತ್ತಲಿಗೂ ಹೋಗುತ್ತದೆ.